ಡಬ್ಬದ ಮೇಲಿನ ವ್ಯಾಟ್ ನಂಬಬಹುದಾ?

ಪ್ರಶ್ನೆ: ನನ್ನ ರೂಮು ಚಿಕ್ಕದು. ಸಿಡಿ, ಎಫ್‌ಎಂ, ಬ್ಲೂಟೂತ್ ಎಲ್ಲಾ ಇರುವ ಕಡಿಮೆ ಬೆಲೆಯ ಪುಟ್ಟ ಸ್ಟೀರಿಯೊ ಕೊಳ್ಳಬೇಕು ಅಂತಿದ್ದೇನೆ. ಒಂದರ ಡಬ್ಬದ ಮೇಲೆ ‘1200 ವ್ಯಾಟ್ ಪಿಎಂಪಿಒ’ ಅಂತಿದೆ. ಇನ್ನೊಂದರ ಮೇಲೆ ಬರೀ 30 ವ್ಯಾಟ್ ಆರ್‌ಎಂಎಸ್. ಮೊದಲನೆಯದೇ ವಾಸಿ ಅಲ್ವಾ? ಹಳೆ ಸಿಡಿಗಳು ಬಹಳ ಇವೆ.

ಉತ್ತರ: ಪಿಎಂಪಿಒ, ಅಂದರೆ ಒಂದು ಕ್ಷಣಕ್ಕೆ ಸಿಗಬಹುದಾದ ಅತಿ ಹೆಚ್ಚಿನ ಶಕ್ತಿ ಅಂತ ಕಂಪನಿ ಹೇಳಿಕೊಳ್ಳುವ ಅಂಕಿಯನ್ನು ಮರೆತುಬಿಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ನಿಯಮವೇ ಇಲ್ಲ, ತೋಚಿದಷ್ಟು ಬರೆಯಬಹುದು. ಆರ್‌ಎಂಎಸ್, ಅಂದರೆ ಸೆಟ್ಟು ಒಂದೇ ಸಮ ಕೊಡಬಲ್ಲ ಶಕ್ತಿ ನೋಡಿ. ಅದರ ಪಕ್ಕ ‘10% ಟಿಎಚ್‌ಡಿ’ (ಟಿಎಚ್‌ಡಿ ಅಂದರೆ ಸದ್ದು ಎಷ್ಟು ಕೆಟ್ಟಿದೆ ಅನ್ನುವ ಅಳತೆ) ಅಂತ ಸಣ್ಣಕ್ಷರದಲ್ಲಿದ್ದರೆ, ಸದ್ದು ಚೆನ್ನಾಗಿಯೇ ಕೆಟ್ಟ ಮೇಲೆ ಅಳೆದ ಅಂಕಿ ಅದು. ಇನ್ನೊಂದು ಮಾತು. ವ್ಯಾಟ್ ಎರಡು ಪಟ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಚಿಕ್ಕ ರೂಮಿಗೆ 30 ಧಾರಾಳ.

ಇಂಥ ಸೆಟ್ಟಿನಲ್ಲಿ ನನಗೆ ಇಷ್ಟವಾಗುವುದು ಸಿಡಿಯೂ ಅಲ್ಲ, ಬ್ಲೂಟೂತೂ ಅಲ್ಲ. ಬಿಡಿ ಬಿಡಿಯಾಗಿರುವ ಎರಡು ಸ್ಪೀಕರ್. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರಿನಲ್ಲಿ ಎಡ-ಬಲ ಅನ್ನುವುದು ಹೆಸರಿಗಷ್ಟೇ. ಇಲ್ಲಿ ಎರಡನ್ನೂ ದೂರ ಇಡಬಹುದು. ಆದರೆ ಜನ ಏನು ಮಾಡುತ್ತಾರೆ? ಸೆಟ್ಟಿನ ಎರಡೂ ಪಕ್ಕಕ್ಕೆ ಒತ್ತಿ ಇಟ್ಟು, ಮೇಲೊಂದು ಬಟ್ಟೆ ಹೊದಿಸುತ್ತಾರೆ! ವೈರ್ ಎಳೆದಷ್ಟು ದೂರ ಇಡಿ. ನೀವು ಕೂರುವ ಜಾಗ, ಎರಡು ಸ್ಪೀಕರ್ ಸೇರಿ ಸಮ ತ್ರಿಕೋನ ಆಗಲಿ. ಟ್ವೀಟರ್, ಅಂದರೆ ಮೇಲುಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್, ಕಿವಿಯ ಎತ್ತರಕ್ಕಿರಲಿ. ಗಾಯಕಿ ಎರಡರ ನಡುವೆ, ಸ್ಪೀಕರೇ ಇಲ್ಲದ ಜಾಗದಲ್ಲಿ ನಿಂತು ಹಾಡಿದ ಹಾಗೆ ಕೇಳಿಸಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಕೊರತೆ ಇರುವುದು ಬೇಸ್‌ನಲ್ಲಿ, ಅಂದರೆ ಕೆಳಸ್ವರಗಳಲ್ಲಿ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಸ್ಪೀಕರಿನಲ್ಲಿ ಅದುರುವ ಮೂರ್ನಾಲ್ಕು ಇಂಚಿನ ಕೋನ್ ಅಷ್ಟು ಕೆಳಗೆ ಇಳಿಯುವುದು ಕಷ್ಟ. ಆಗ ಕಂಪನಿಯವರು ‘ಬೇಸ್ ಬೂಸ್ಟ್’ ಬಟನ್ ಕೊಡುತ್ತಾರೆ. ಆ ಬಟನ್ ಕಂಡರೆ ನನಗೆ ಆಗಲ್ಲ. ಅದು ಇಲ್ಲದ ಸ್ವರವನ್ನು ತರುವುದಿಲ್ಲ, ಅದಕ್ಕಿಂತ ಸ್ವಲ್ಪ ಮೇಲಿನದನ್ನು ಉಬ್ಬಿಸುತ್ತದೆ, ಅಷ್ಟೇ. ಡ್ರಮ್ಮಿನ ಪ್ರತಿ ಏಟೂ ಒಂದೇ ಥರ ‘ಧುಂ’ ಅನ್ನುತ್ತದೆ. ಬೇಸ್ ಜಾಸ್ತಿ ಬೇಕಿದ್ದರೆ ಸ್ಪೀಕರನ್ನು ಗೋಡೆಯ ಹತ್ತಿರ ಸರಿಸಿ ನೋಡಿ. ಮೂಲೆಗೆ ಮಾತ್ರ ಬೇಡ, ಅಲ್ಲಿ ಗುಂಯ್‌ಗುಡುತ್ತದೆ.

ಸಿಡಿ ವಿಷಯ. ಈ ಸೆಟ್ಟುಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಅದೇ ಭಾಗ. ನಿಮ್ಮ ಸಿಡಿಗಳಲ್ಲಿ ಗೀರು ಬಿದ್ದದ್ದೊಂದು, ಮನೆಯಲ್ಲಿ ರೈಟ್ ಮಾಡಿದ್ದೊಂದು ಅಂಗಡಿಗೇ ಒಯ್ದು ಹಾಕಿಸಿ ನೋಡಿ. ಹಿಂಬದಿಯನ್ನೂ ನೋಡಿ. ಸ್ಪೀಕರ್ ವೈರಿಗೆ ಕ್ಲಿಪ್ ಇದ್ದರೆ ಮುಂದೆ ಒಳ್ಳೆಯ ಸ್ಪೀಕರ್ ಹಾಕಬಹುದು. ಹೊಸದರ ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಹಳೆಯದಕ್ಕಿಂತ ಕಡಿಮೆ ಇರಬಾರದು, ಆಂಪ್ಲಿಫೈಯರ್ ಬಿಸಿಯಾಗುತ್ತದೆ. ಪೆನ್ ಡ್ರೈವ್ ಓದದಿದ್ದರೆ ಕಂಪ್ಯೂಟರಿನಲ್ಲಿ ಫ್ಯಾಟ್32 ಅನ್ನುವ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ, ಹಾಡುಗಳನ್ನು ಮೊದಲೇ ಬೇರೆ ಕಡೆ ಇಟ್ಟುಕೊಂಡು.

ಪ್ರಶ್ನೆ: ಹೊಸ ಸೆಟ್ ತಂದೆ. ಬೇಸ್ ಪೂರಾ ಮಾಯ. ಹಾಡುವ ದನಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುತ್ತಿಲ್ಲ. ವಾಪಸ್ ಕೊಡಲಾ?

ಉತ್ತರ: ತಡೆಯಿರಿ. ಒಂದು ಸ್ಪೀಕರಿನ ವೈರ್ ಕೆಂಪು-ಕಪ್ಪು ಅದಲುಬದಲಾಗಿರಬಹುದು. ಹಾಗಾದರೆ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗುತ್ತದೆ, ಕೆಳಸ್ವರಗಳು ಒಂದನ್ನೊಂದು ಕೊಲ್ಲುತ್ತವೆ. ಪ್ಲಗ್ ಕಿತ್ತು, ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸಿಕ್ಕಿಸಿ. ಒಂದೊಂದು ವೈರಿನ ಎಳೆಗಳನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ತಿರುಚಿ, ಒಂದು ವೈರಿನ ಎಳೆ ಇನ್ನೊಂದಕ್ಕೆ ತಗಲದಿರಲಿ. ಆಮೇಲೂ ಹಾಗೇ ಇದ್ದರೆ ವಾಪಸ್ ಕೊಡಿ.