ಸ್ಯಾಟರ್ನ್ 5 ಹಾರಿಸೋ ಮೊದಲು ಸಿಜಿ ನೋಡಿ ಸರ್

ಭಾನುವಾರ ಹಾರಿಸ್ತೀನಿ ಅಂತ ನೀವು ಹಾಕಿರುವ ಸ್ಯಾಟರ್ನ್ 5 (ಚಂದ್ರನಿಗೆ ಹೋದ ರಾಕೆಟ್) 1/100 ಅಳತೆಯ ಹಾರುವ ಮಾದರಿಯ ಫೋಟೊ ನೋಡಿದೆ. ಬಣ್ಣ ಚೆನ್ನಾಗಿ ಬಂದಿದೆ. ಆದರೆ ಬಾಲದ ಫೋಟೊ ನೋಡಿ ಭಯ ಆಯಿತು. ಫಿನ್ (ಬಾಲದ ರೆಕ್ಕೆ) ಬುಡಕ್ಕೆಲ್ಲ ಎಪಾಕ್ಸಿ ಅಂಟಿನ ದಪ್ಪ ಫಿಲೆಟ್ (ಮೂಲೆ ತುಂಬುವ ಪಟ್ಟಿ), ಮೋಟಾರ್ ಕೂರುವ ಮೌಂಟ್ ಸುತ್ತ ಇನ್ನಷ್ಟು ಎಪಾಕ್ಸಿ. ಕೆಳಗೆ "ಕಿಟ್ ಅಲ್ವಾ, ಸಿಜಿ ಅವರೇ ನೋಡಿರುತ್ತಾರೆ" ಅಂತ ಬರೆದಿದ್ದೀರಿ. ಸಿಜಿ ಅಂದರೆ ರಾಕೆಟ್ ತೂಕ ಸಮತೋಲವಾಗುವ ಬಿಂದು, ಅದು ತೀರಾ ಹಿಂದೆ ಹೋದರೆ ರಾಕೆಟ್ ನೆಟ್ಟಗೆ ಹಾರುವುದಿಲ್ಲ. ದಯವಿಟ್ಟು ಹಾಗೇ ಹಾರಿಸಬೇಡಿ. ನನ್ನ ಮೊದಲ ಸ್ಯಾಟರ್ನ್‌ಗೆ ನಾನೂ ಹೀಗೇ ಅಂಟು ಸುರಿದಿದ್ದೆ. ಉಡಾವಣೆಯ ರಾಡ್ ಬಿಟ್ಟ ಕೂಡಲೇ ಅಡ್ಡ ತಿರುಗಿ, ಮೋಟಾರ್ ಇನ್ನೂ ಉರಿಯುತ್ತಿರುವಾಗಲೇ ನೆಲಕ್ಕೆ ಬಡಿಯಿತು. ಮೇಲಿನ ಹಂತಗಳಲ್ಲಿ ರಿಪೇರಿ ಮಾಡುವಂಥದ್ದು ಏನೂ ಉಳಿಯಲಿಲ್ಲ.

ಕಿಟ್‌ನವರು ಲೆಕ್ಕ ಹಾಕಿರುವುದು ಅವರು ಕಟ್ಟಿದ ರಾಕೆಟ್‌ಗೆ, ನೀವು ಕಟ್ಟಿದ್ದಕ್ಕಲ್ಲ. ಒಂದು ಲೆಕ್ಕ ನೋಡಿ. 300 ಗ್ರಾಂ ರಾಕೆಟ್, ಸಿಜಿಯಿಂದ 40 ಸೆಂ.ಮೀ. ಹಿಂದೆ 15 ಗ್ರಾಂ ಅಂಟು ಸೇರಿತು ಅಂದುಕೊಳ್ಳಿ. ಸಿಜಿ ಸುಮಾರು 2 ಸೆಂ.ಮೀ. ಹಿಂದಕ್ಕೆ ಹೋಗುತ್ತದೆ. ಫಿನ್ ಮೇಲೆ ಬಳಿದ ಪ್ರೈಮರ್, ಬಣ್ಣದ ತೂಕ ಬೇರೆ. ದೊಡ್ಡ ಫಿನ್ ಇರುವ ಸಾಮಾನ್ಯ ರಾಕೆಟ್ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಸ್ಕೇಲ್ ಮಾದರಿ ತಡೆದುಕೊಳ್ಳುವುದಿಲ್ಲ. ನಿಜವಾದ ಸ್ಯಾಟರ್ನ್ 5ರಲ್ಲಿ ಐದು ಎಫ್-1 ಎಂಜಿನ್‌ಗಳಿದ್ದವು, ಹೊರಗಿನ ನಾಲ್ಕು ಓಲಾಡಿ ದಿಕ್ಕು ಸರಿಪಡಿಸುತ್ತಿದ್ದವು. ಅದಕ್ಕೇ ಅದರ ಫಿನ್ ಅಷ್ಟು ಚಿಕ್ಕದು. ನಮ್ಮ ಮಾದರಿಗೆ ಆ ಚಿಕ್ಕ ಫಿನ್ ಮತ್ತು ಮೂತಿಯ ತೂಕ, ಎರಡೇ ಗತಿ.

ಈಗ ಮಾಡಬೇಕಾದ್ದು: ಹಾರಿಸುವ ಮೋಟಾರನ್ನೇ ಹಾಕಿ. ವಾಡಿಂಗ್ (ಪ್ಯಾರಾಚೂಟ್ ಸುಡದಂತೆ ತುಂಬುವ ಕಾಗದ), ಪ್ಯಾರಾಚೂಟ್, ಶಾಕ್ ಕಾರ್ಡ್ (ಮೂತಿಯನ್ನು ದೇಹಕ್ಕೆ ಕಟ್ಟುವ ದಾರ) ಎಲ್ಲ ಒಳಗೆ ತುಂಬಿ. ಖಾಲಿ ರಾಕೆಟ್‌ನ ಸಿಜಿ ನೋಡುವುದು ಸುಮ್ನೆ ಕಾಲಹರಣ. ಆಮೇಲೆ ದಾರದಲ್ಲಿ ತೂಗುಹಾಕಿ ಸಿಜಿ ಗುರುತು ಮಾಡಿ. ಅದು ಸಿಪಿಗಿಂತ (ಗಾಳಿಯ ಒತ್ತಡ ಒಟ್ಟಾಗಿ ಬೀಳುವ ಬಿಂದು) ಕನಿಷ್ಠ ಒಂದು ಕ್ಯಾಲಿಬರ್ (ರಾಕೆಟ್ ವ್ಯಾಸದಷ್ಟು) ಮುಂದೆ ಇರಬೇಕು, ಅಂದರೆ ನಿಮ್ಮದರಲ್ಲಿ 10 ಸೆಂ.ಮೀ. ಸಿಪಿಗೆ ಓಪನ್‌ರಾಕೆಟ್ ಎಂಬ ಸಾಫ್ಟ್‌ವೇರ್ ಸಾಕು, ಉಚಿತವಾಗಿ ಸಿಗುತ್ತದೆ. ಒಳಗೆ ನಡೆಯುವುದು ಬ್ಯಾರೋಮನ್ ಎಂಬ ಎಂಜಿನಿಯರ್ 1966ರಲ್ಲಿ ಮುಂದಿಟ್ಟ ಲೆಕ್ಕವೇ. ಆದರೆ ತೂಕ, ಸಿಜಿ ಎರಡನ್ನೂ ನೀವು ಅಳೆದದ್ದನ್ನೇ ಹಾಕಿ. ಸಾಫ್ಟ್‌ವೇರ್ ಅಂದಾಜು ಮಾಡುವ ತೂಕದಲ್ಲಿ ನಿಮ್ಮ ಅಂಟಿನ ತೂಕ ಇರುವುದಿಲ್ಲ.

ಹಗ್ಗ ಕಟ್ಟಿ ತಲೆಯ ಸುತ್ತ ತಿರುಗಿಸುವ ಪರೀಕ್ಷೆಯೂ ಇದೆ. ಅದರಲ್ಲಿ ಮೂತಿ ಮುಂದಿಟ್ಟು ಸ್ಥಿರವಾಗಿ ಸುತ್ತಿದರೆ ನಂಬಬಹುದು. ಸುತ್ತದಿದ್ದರೆ ರಾಕೆಟ್ ಕೆಟ್ಟದ್ದು ಅಂತಲೇ ಅರ್ಥವಲ್ಲ. ಒಂದು ಮೀಟರ್‌ಗಿಂತ ಉದ್ದದ ರಾಕೆಟ್‌ಗೆ ಹಗ್ಗವೂ ಉದ್ದ ಬೇಕು, ವೇಗವೂ ಸಾಲುವುದಿಲ್ಲ. ಇಷ್ಟು ದೊಡ್ಡದಕ್ಕೆ ನಾನು ಲೆಕ್ಕವನ್ನೇ ನಂಬುತ್ತೇನೆ.

ಸಿಜಿ ಹಿಂದಿದ್ದರೆ ಮೂತಿಗೆ ತೂಕ ಸೇರಿಸಿ. ಎಷ್ಟು ದೂರ ಮುಂದೆ ಇಡುತ್ತೀರೋ ಅಷ್ಟು ಕಡಿಮೆ ಸಾಕು. ಅದೇ 300 ಗ್ರಾಂ ರಾಕೆಟ್‌ನಲ್ಲಿ ಸಿಜಿಗಿಂತ 60 ಸೆಂ.ಮೀ. ಮುಂದೆ 16 ಗ್ರಾಂ ಜೇಡಿಮಣ್ಣು ಇಟ್ಟರೆ ಸಿಜಿ 3 ಸೆಂ.ಮೀ. ಮುಂದೆ ಬರುತ್ತದೆ. ಮೊದಲು ಹಾಗೇ ಒತ್ತಿ ಅಳೆಯಿರಿ, ಆಮೇಲೆ ಎಪಾಕ್ಸಿ ಹಾಕಿ ಕಾಯಂ ಮಾಡಿ. ಬರೀ ಜೇಡಿ ಬಿಟ್ಟರೆ ಇಳಿಯುವಾಗಿನ ಏಟಿಗೆ ಕಿತ್ತು ಬರುತ್ತದೆ. ಎಪಾಕ್ಸಿಯನ್ನೂ ಒಂದೇ ಸಲ ಸುರಿಯಬೇಡಿ. ಗಟ್ಟಿಯಾಗುವಾಗ ಬಿಸಿಯಾಗಿ ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಭಯಕ್ಕೆ ಬಿದ್ದು ಜಾಸ್ತಿ ತೂಕ ತುಂಬುವುದೂ ಬೇಡ. ಸಿಜಿ ತೀರಾ ಮುಂದೆ ಹೋದರೆ ರಾಕೆಟ್ ಗಾಳಿ ಬರುವ ಕಡೆಗೆ ವಾಲಿಕೊಂಡು ಹೋಗುತ್ತದೆ.

ತೂಕ ಸೇರಿಸಿದ ಮೇಲೆ ಮೋಟಾರ್ ಆಯ್ಕೆ ಮತ್ತೆ ನೋಡಲೇಬೇಕು. ನೀವು ಬರೆದದ್ದು ಎಸ್ಟೀಸ್ ಕಂಪನಿಯ ಡಿ12-5 ಮೋಟಾರ್ (ಕೊನೆಯ ಅಂಕಿ ಡಿಲೇ, ಅಂದರೆ ಉರಿ ಮುಗಿದು ಪ್ಯಾರಾಚೂಟ್ ಹೊರಬರುವವರೆಗಿನ ಸೆಕೆಂಡ್). ಎಸ್ಟೀಸ್‌ನವರು ಅದಕ್ಕೆ ಕೊಟ್ಟಿರುವ ಗರಿಷ್ಠ ಹಾರುವ ತೂಕ 283 ಗ್ರಾಂ, ಡಿ12-3ಕ್ಕೆ 396 ಗ್ರಾಂ. ನಿಮ್ಮದು 283 ಗ್ರಾಂ ದಾಟಿರುತ್ತದೆ ಅಂತ ನನ್ನ ಅಂದಾಜು. ಭಾರದ ರಾಕೆಟ್‌ಗೆ 5 ಸೆಕೆಂಡ್ ಡಿಲೇ ಹಾಕಿದರೆ, ಮೂತಿ ಕೆಳಗಾಗಿ ವೇಗ ಹಿಡಿದ ಮೇಲೆ ಪ್ಯಾರಾಚೂಟ್ ಬಿಚ್ಚುತ್ತದೆ. ಜಿಪ್ಪರ್ ಆಗುವುದು, ಅಂದರೆ ಶಾಕ್ ಕಾರ್ಡ್ ಟ್ಯೂಬನ್ನು ಉದ್ದಕ್ಕೆ ಸೀಳುವುದು, ಹೀಗೆಯೇ. "ಹಾಗಾದರೆ ಡಿಗಿಂತ ದೊಡ್ಡ ಇ ಮೋಟಾರ್ ಹಾಕ್ತೀನಿ" ಅಂದರೆ ಬಾಲದಲ್ಲಿ ಇನ್ನಷ್ಟು ತೂಕ. ಸಿಜಿ ಮೊದಲಿಂದ ನೋಡಬೇಕು.

ಇನ್ನು ಅಂಟಿನ ಮಾತು. ಬಾಲ್ಸಾ ಮರ, ಕಾಗದದ ಟ್ಯೂಬ್‌ಗೆ ಎಪಾಕ್ಸಿ ಯಾಕೆ ಸರ್? ಟೈಟ್‌ಬಾಂಡ್‌ನಂಥ ಮರದ ಅಂಟು ಕಾಗದದ ಒಳಗೆ ಇಳಿಯುತ್ತದೆ. ಎರಡೂ ಕಡೆ ತೆಳುವಾಗಿ ಸವರಿ, ಒಣಗಲು ಬಿಟ್ಟು, ಮತ್ತೆ ಸ್ವಲ್ಪ ಹಚ್ಚಿ ಕೂರಿಸಿದರೆ ಅಂಟು ಬಿಡುವ ಮೊದಲು ಟ್ಯೂಬ್ ಹರಿಯುತ್ತದೆ. ಸೂಪರ್ ಗ್ಲೂ ಅಂತೂ ಫಿನ್‌ಗೆ ಬೇಡವೇ ಬೇಡ, ಏಟಿಗೆ ಗಾಜಿನ ಹಾಗೆ ಒಡೆಯುತ್ತದೆ. ನಿಮ್ಮ ಎಪಾಕ್ಸಿ ಈಗಾಗಲೇ ಗಟ್ಟಿಯಾಗಿದೆ. ಉಜ್ಜಿ ತೆಗೆಯಲು ಹೋಗಿ ಬಣ್ಣ ಹಾಳು ಮಾಡಬೇಡಿ, ಮೂತಿಯಲ್ಲೇ ಸರಿದೂಗಿಸಿ.

ಕಪ್ಪು ಪಟ್ಟೆಯ ಅಂಚಲ್ಲಿ ಬಣ್ಣ ಒಳಗೆ ನುಗ್ಗಿದೆ ಅಂತ ಕೇಳಿದ್ದಿರಲ್ಲ, ಟೇಪ್ ಅಂಟಿಸಿದ ಮೇಲೆ ಅದರ ಅಂಚಿಗೆ ಮೊದಲು ಬಿಳಿಯನ್ನೇ ತೆಳುವಾಗಿ ಹೊಡೆಯಿರಿ, ಒಣಗಿದ ಮೇಲೆ ಕಪ್ಪು. ನುಗ್ಗಿದರೂ ಬಿಳಿಯೇ ನುಗ್ಗುತ್ತದೆ. ಟೇಪ್ ಟಮಿಯಾ ಕಂಪನಿಯದ್ದೇ ಇರಲಿ, ಇದರಲ್ಲಿ ಉಳಿತಾಯ ಬೇಡ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಸುಕ್ಕಾಗುತ್ತದೆ. ಕ್ಲಿಯರ್ ಕೋಟ್ ಹೊಡೆಯುವ ಮೊದಲು ಬೇಡದ ಡೆಕಾಲ್ (ಅಂಟಿಸುವ ಚಿತ್ರ) ಒಂದರ ಮೇಲೆ ಪರೀಕ್ಷೆ ಮಾಡಿ.

ಮೂತಿ ತುದಿಯ ತೆಳು ಎಸ್ಕೇಪ್ ಟವರ್ ಉಳಿಯಬೇಕಾದರೆ ಮೂತಿ ಭಾಗಕ್ಕೆ ಬೇರೆಯೇ ಪ್ಯಾರಾಚೂಟ್ ಕೊಡಿ. ಪ್ಲಾಸ್ಟಿಕ್ ಪ್ಯಾರಾಚೂಟ್ ಆದರೆ ಟಾಲ್ಕಂ ಪೌಡರ್ ಉದುರಿಸಿ, ಹಾರಿಸುವ ದಿನವೇ ಮಡಚಿ. ಮೋಟಾರ್‌ಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಬಿಸಿಯಾಗಿ ತಣ್ಣಗಾದರೆ ಒಳಗಿನ ಮದ್ದು ಕೇಸಿಂಗ್‌ನಿಂದ ಬಿಡಬಹುದು, ಆಗ ಉರಿಯುವ ಬದಲು ಸಿಡಿಯುತ್ತದೆ. ರಾಡ್ ತೆಳುವಾದದ್ದು ಬೇಡ, ಇಷ್ಟು ತೂಕಕ್ಕೆ ಬಾಗುತ್ತದೆ. ಗಾಳಿ ಜಾಸ್ತಿ ಇದ್ದರೆ ವಾಪಸ್ ಬನ್ನಿ. ಭಾರದ ರಾಕೆಟ್ ರಾಡ್ ಬಿಡುವಾಗ ನಿಧಾನವಾಗಿರುತ್ತದೆ. ಆ ಹೊತ್ತಲ್ಲಿ ಇಂಧನವೂ ಪೂರ್ತಿ ಇರುವುದರಿಂದ ಸಿಜಿ ಇನ್ನೂ ಹಿಂದೆಯೇ ಇರುತ್ತದೆ. ಇಗ್ನೈಟರ್ (ಮೋಟಾರ್ ಹೊತ್ತಿಸುವ ತಂತಿ) ಹತ್ತದಿದ್ದರೆ ಉಡಾವಣಾ ಪೆಟ್ಟಿಗೆಯ ಸೇಫ್ಟಿ ಕೀ ತೆಗೆದು 60 ಸೆಕೆಂಡ್ ಕಾದು ಹತ್ತಿರ ಹೋಗಿ.

ಎಲ್ಲ ತುಂಬಿಸಿ ತೂಗಿದ ಮೇಲೆ ಒಟ್ಟು ತೂಕ, ಮೂತಿ ತುದಿಯಿಂದ ಸಿಜಿಗೆ ಎಷ್ಟು ಸೆಂ.ಮೀ., ಎರಡನ್ನೂ ಇಲ್ಲೇ ಹಾಕಿ. ನನ್ನ ಹತ್ತಿರ ಇದೇ ಅಳತೆಯ ಓಪನ್‌ರಾಕೆಟ್ ಫೈಲ್ ಇದೆ, ಶನಿವಾರದೊಳಗೆ ಕೊಟ್ಟರೆ ಲೆಕ್ಕ ಹಾಕಿ ಹೇಳುತ್ತೇನೆ.