ಇಬ್ಬರು ಮಕ್ಕಳು, ಅತ್ತೆಯವರ ಜೊತೆ ಶನಿವಾರದ ಕೊನೆಯ ಫೆರಿಗೆ ದ್ವೀಪಕ್ಕೆ ಹೋಗಿ, ದಂಡೆಯಲ್ಲಿ ಒಂದು ರಾತ್ರಿ ಉಳಿದು, ಭಾನುವಾರದ ಕೊನೆಯ ಫೆರಿಗೆ ವಾಪಸ್ಸಾಗುತ್ತೇವೆ. ದೊಡ್ಡ ಟೆಂಟ್ ಒಂದು ಸಾಕೇ, ಚಿಕ್ಕವು ಎರಡು ಬೇಕೇ?

ಟೆಂಟ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ‘ಕೊನೆಯ ಫೆರಿ’ ಅಂತ ಎರಡು ಸಲ ಇದೆ. ಅದನ್ನು ಓದಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯಲು ಕೂತೆ.

ಆರು ವರ್ಷದ ಹಿಂದೆ ನಾವೂ ಹೀಗೇ ಹೊರಟಿದ್ದೆವು. ನಾನು, ನನ್ನ ಹೆಂಡತಿ, 8 ವರ್ಷದ ಮಗಳು, 4 ವರ್ಷದ ಮಗ, 68 ದಾಟಿದ ಅಮ್ಮ. ಶನಿವಾರ ಮಧ್ಯಾಹ್ನದವರೆಗೆ ನನಗೆ ಕೆಲಸವಿತ್ತು. ರಜೆ ಹಾಕಬಹುದಿತ್ತು, ಹಾಕಲಿಲ್ಲ. ಫೆರಿ ಅರ್ಧ ದಾರಿಗೆ ಬರುವಷ್ಟರಲ್ಲಿ ಮಗನಿಗೆ ವಾಂತಿ ಶುರುವಾಯಿತು. ಮಾತ್ರೆ ಚೀಲದಲ್ಲೇ ಇತ್ತು. ಆದರೆ ಅದನ್ನು ದೋಣಿ ಹತ್ತುವ ಅರ್ಧ ಗಂಟೆ, ಒಂದು ಗಂಟೆ ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಮಕ್ಕಳ ವಯಸ್ಸಿಗೆ ಎಷ್ಟು ಕೊಡಬೇಕು ಅಂತ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಜೆಟ್ಟಿಯಲ್ಲಿ ಇಳಿದಾಗ ಸಂಜೆ ಐದೂವರೆ. ಟೆಂಟ್ ಹಾಕಲು ಗುರುತು ಮಾಡಿದ ಜಾಗ ಅಲ್ಲಿಂದ ಒಂದೂವರೆ ಕಿಲೋಮೀಟರ್ ಒಳಗೆ, ಏರು ದಾರಿ. ನಕ್ಷೆ ನೋಡಿ ಇಪ್ಪತ್ತು ನಿಮಿಷದ ನಡಿಗೆ ಅಂದುಕೊಂಡಿದ್ದೆ. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಐದು ಜನಕ್ಕೆ 20 ಲೀಟರ್ ನೀರು, ಅಂದರೆ ಬರೀ ನೀರೇ 20 ಕೆಜಿ. ಅದರ ಮೇಲೆ ಎರಡು ಟೆಂಟ್, ಹಾಸಿಗೆ, ಒಲೆ, ಹೆಗಲ ಮೇಲೆ ಸೋತು ಮಲಗಿದ ಮಗ. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಅಮ್ಮ ಮಂಡಿ ಹಿಡಿದುಕೊಂಡು ನಿಂತರು. “ಇನ್ನು ನನ್ನ ಕೈಲಿ ಆಗಲ್ಲ ಕಣೋ, ಇಲ್ಲೇ ಎಲ್ಲಾದ್ರೂ ಹಾಕು” ಅಂದರು. ಸೂರ್ಯ ಮುಳುಗುತ್ತಿದ್ದ. ಮೊದಲ ಫೆರಿಗೆ ಬಂದಿದ್ದರೆ ಸಾಮಾನನ್ನು ಎರಡು ಸಲವಾಗಿ ಹೊತ್ತು, ಅಮ್ಮನನ್ನು ನಡುನಡುವೆ ಕೂರಿಸಿಕೊಂಡು, ಹಗಲಿನಲ್ಲೇ ಮೇಲಕ್ಕೆ ಹೋಗಿರುತ್ತಿದ್ದೆ. ನನ್ನ ಹತ್ತಿರ ಸಮಯ ಇರಲಿಲ್ಲ. ದಂಡೆಗೆ ಇಳಿದೆವು.

ಇಳಿತದ ಹೊತ್ತು. ನೀರು ಎಷ್ಟೋ ದೂರದಲ್ಲಿತ್ತು. ಉಬ್ಬರ ಎಲ್ಲಿಯವರೆಗೆ ಬರುತ್ತದೆ ಅಂತ ದಂಡೆ ನೋಡಿ ತಿಳಿಯುವುದು ನನಗೆ ಗೊತ್ತಿತ್ತು. ಏರಿದ ನೀರು ಹಿಂದೆ ಸರಿಯುವಾಗ ಪಾಚಿ, ಕಡ್ಡಿ, ಚಿಪ್ಪು, ಪ್ಲಾಸ್ಟಿಕ್ ಚೂರುಗಳನ್ನು ಉದ್ದಕ್ಕೆ ಒಂದು ಗೆರೆಯಾಗಿ ಬಿಟ್ಟು ಹೋಗುತ್ತದೆ. ಆ ಗೆರೆ ಸಿಕ್ಕಿತು. ಪಾಚಿ ಇನ್ನೂ ಹಸಿ, ಮುಟ್ಟಿದರೆ ಲೋಳೆ ಲೋಳೆ. ಮಧ್ಯಾಹ್ನದ ಉಬ್ಬರದ್ದು ಅಂತ ಸ್ಪಷ್ಟವಾಗಿತ್ತು. ಅಲ್ಲಿಂದ ಎಂಟು ಹೆಜ್ಜೆ ಮೇಲಕ್ಕೆ ನಡೆದು ಗೂಟ ಊರತೊಡಗಿದೆ.

ನನ್ನ ಹೆಂಡತಿ ಟಾರ್ಚ್ ಹಿಡಿದು ಇನ್ನೂ ಮೇಲೆ, ಪೊದೆಗಳ ಬುಡದಲ್ಲಿ ನಿಂತಿದ್ದಳು. “ರೀ, ಇಲ್ಲೂ ಒಂದು ಗೆರೆ ಇದೆಯಲ್ಲ?” ಅಂದಳು. ಹೋಗಿ ನೋಡಿದೆ. ಒಣಗಿ ಕಪ್ಪಾದ ಪಾಚಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಅದರ ನಡುವೆ ಬಿಸಿಲಿಗೆ ಬೆಳ್ಳಗಾದ ಬಾಟಲಿ ಮುಚ್ಚಳ. “ಇದು ಹಳೇದು, ಯಾವಾಗಲೋ ಬಿರುಗಾಳಿಗೆ ಬಂದಿದ್ದು” ಅಂದು ವಾಪಸ್ ಬಂದೆ. ಪೊದೆಯ ಬುಡದಲ್ಲಿ ನೆಲ ಏರುತಗ್ಗು, ತುಂಬ ಬೇರು. ಕೆಳಗೆ ಮರಳು ಹಾಸಿಟ್ಟ ಹಾಗೆ ಸಮವಾಗಿತ್ತು. ಎರಡು ಗೆರೆಗಳ ನಡುವೆ ನಮ್ಮ ಎರಡೂ ಟೆಂಟ್ ಎದ್ದವು.

ಇದನ್ನು ಬಿಡಿಸಿ ಹೇಳಲೇಬೇಕು. ಮೇಲಿನ ಗೆರೆ ಹಳೆಯದು, ನಿಜ. ಎಷ್ಟು ಹಳೆಯದು ಅಂತ ನಾನು ಕೇಳಿಕೊಳ್ಳಲಿಲ್ಲ. ಅದು ಹದಿನೈದು ದಿನದ ಹಿಂದಿನ ಅಮಾವಾಸ್ಯೆಯ ಉಬ್ಬರದ್ದು. ನಾವು ಹೋಗಿದ್ದು ಹುಣ್ಣಿಮೆಯ ಮರುದಿನ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಉಬ್ಬರ ಎಬ್ಬಿಸುವುದರಲ್ಲಿ ಸೂರ್ಯನ ಪಾಲು ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಆ ದಿನಗಳಲ್ಲಿ ಎರಡೂ ಕೂಡುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಸಂಜೆ ನೀರು ಅಷ್ಟು ದೂರ ಹೋಗಿದ್ದೇ ರಾತ್ರಿ ಅಷ್ಟೇ ಮೇಲೆ ಬರುತ್ತದೆ ಅನ್ನುವುದಕ್ಕೆ ಸೂಚನೆಯಾಗಿತ್ತು. ನಾನು ಅದನ್ನು ನೋಡಿ ನಿಶ್ಚಿಂತನಾದೆ. ಜೊತೆಗೆ ಅತಿ ದೊಡ್ಡ ಉಬ್ಬರ ಸಾಮಾನ್ಯವಾಗಿ ಹುಣ್ಣಿಮೆಯಂದೇ ಬರುವುದಿಲ್ಲ, ಒಂದೆರಡು ದಿನ ಕಳೆದು ಬರುತ್ತದೆ.

ಬಹಳಷ್ಟು ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 12 ಗಂಟೆ 25 ನಿಮಿಷದ ಅಂತರ. ಎರಡೂ ಒಂದೇ ಎತ್ತರ ಇರಬೇಕೆಂದಿಲ್ಲ. ನನಗೆ ಇದೇ ಗೊತ್ತಿರಲಿಲ್ಲ. ಹೊರಡುವ ಮುಂಚೆ ಫೋನಿನಲ್ಲಿ ಉಬ್ಬರದ ಪಟ್ಟಿ ನೋಡಿದ್ದೆ: ರಾತ್ರಿ 12.45. ಸಮಯ ನೋಡಿದೆ, ಅದರ ಪಕ್ಕದಲ್ಲಿದ್ದ ಎತ್ತರದ ಅಂಕಿ ನೋಡಲಿಲ್ಲ. ಮಧ್ಯಾಹ್ನದ್ದಕ್ಕಿಂತ ರಾತ್ರಿಯದು 30 ಸೆಂಟಿಮೀಟರ್ ಹೆಚ್ಚಿತ್ತು. ಒಂದು ಗೇಣು ಚಿಲ್ಲರೆ ನೀರು, ಅದರಿಂದ ಏನಾಗುತ್ತದೆ ಅನ್ನಿಸಬಹುದು. ಆ ದಂಡೆ ನೂರು ಮೀಟರಿಗೆ ಮೂರು ಮೀಟರ್ ಏರುವಷ್ಟು ಚಪ್ಪಟೆ. ಅಂಥ ಕಡೆ ನೀರು 30 ಸೆಂಟಿಮೀಟರ್ ಎದ್ದರೆ ಅಡ್ಡಕ್ಕೆ 10 ಮೀಟರ್ ಮುಂದೆ ಬರುತ್ತದೆ. ನನ್ನ ಎಂಟು ಹೆಜ್ಜೆ ಆರು ಮೀಟರೂ ಆಗುವುದಿಲ್ಲ. ಪಟ್ಟಿಯ ಅಂಕಿ ಮಾಮೂಲಿ ಹವಾಮಾನಕ್ಕೆ ಹಾಕಿದ ಲೆಕ್ಕ ಬೇರೆ. ವಾಯುಭಾರ 1 ಹೆಕ್ಟೋಪಾಸ್ಕಲ್ ಕುಸಿದರೆ ನೀರು ಸುಮಾರು 1 ಸೆಂಟಿಮೀಟರ್ ಎದ್ದಿರುತ್ತದೆ, ದಂಡೆಯ ಕಡೆಗೆ ಬೀಸುವ ಗಾಳಿ ಇನ್ನಷ್ಟು ತಳ್ಳುತ್ತದೆ, ಅದರ ಮೇಲೆ ಅಲೆ.

ರಾತ್ರಿ ಹನ್ನೆರಡರ ಸುಮಾರಿಗೆ ಪಕ್ಕದ ಟೆಂಟಿನಿಂದ ಮಗಳ ಧ್ವನಿ: “ಅಪ್ಪಾ, ನೆಲ ಅಲ್ಲಾಡ್ತಿದೆ.” ಅವಳು ನನ್ನ ಅಮ್ಮನ ಜೊತೆ ಮಲಗಿದ್ದಳು. ಕನಸು ಕಂಡಿದ್ದಾಳೆ ಅಂತ ಅಮ್ಮ ತಟ್ಟಿ ಮಲಗಿಸುತ್ತಿದ್ದರಂತೆ. ನಾನು ಏಳಲೆಂದು ಕೈ ಊರಿದೆ. ಊರಿದ ಜಾಗ ತಗ್ಗಿ, ಪಕ್ಕದಲ್ಲಿ ನೆಲ ಉಬ್ಬಿತು, ನೀರು ತುಂಬಿದ ಚೀಲ ಒತ್ತಿದ ಹಾಗೆ. ಒಳಗೆ ಎಲ್ಲ ಒಣಗಿಯೇ ಇತ್ತು. ನೀರು ಟೆಂಟಿನ ಅಡಿಗೆ ಬಂದಿತ್ತು. ಜಿಪ್ ಎಳೆದಾಗ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳು ಇರಲಿಲ್ಲ. ಬೆಳದಿಂಗಳಲ್ಲಿ ಅವು ಆರೇಳು ಮಾರು ಆಚೆ ತೇಲುತ್ತಿದ್ದವು.

ಹೆಂಡತಿ ಮಗನನ್ನು ಎತ್ತಿಕೊಂಡು ಮೇಲಕ್ಕೆ ಓಡಿದಳು. ನಾನು ಅಮ್ಮನ ಟೆಂಟಿಗೆ ಹೋದೆ. ಕತ್ತಲಲ್ಲಿ ಅವರಿಗೆ ಒಳಗಿನ ಜಿಪ್ ಸಿಗುತ್ತಿಲ್ಲ, ಹೊರಗೆ ನನ್ನ ಕೈ ನಡುಗಿ ಜಿಪ್ಪಿಗೆ ಬಟ್ಟೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಒಂದು ಅಲೆ ಮೊಣಕಾಲಿಗೆ ಬಡಿದು ಒಳಗೆ ನುಗ್ಗಿತು. ಮಗಳು ಕಿರುಚಿದಳು. ಒಂದು ನಿಮಿಷ ಆಗಿರಬಹುದು, ಅಷ್ಟೇ. ಈಗಲೂ ಯಾರಾದರೂ ಚೀಲದ ಜಿಪ್ ಜೋರಾಗಿ ಎಳೆದರೆ ನನಗೆ ಆ ನಿಮಿಷ ನೆನಪಾಗುತ್ತದೆ.

ಎಲ್ಲರೂ ಪೊದೆಯ ಬುಡ ಸೇರಿದೆವು. ನೀರು ನನ್ನ ಹೆಂಡತಿ ತೋರಿಸಿದ ಆ ಒಣ ಗೆರೆಯವರೆಗೂ ಬಂತು, ಮುಟ್ಟಿತು, ಹಿಂದೆ ಹೋಯಿತು. ಅಮ್ಮನ ರಕ್ತದೊತ್ತಡದ ಮಾತ್ರೆ ಇದ್ದ ಚೀಲ ಹೋಗಿತ್ತು. ಹಾಸಿಗೆ, ಬದಲಿ ಬಟ್ಟೆ ಎಲ್ಲ ಉಪ್ಪುನೀರು. ಬೆಳಗಿನ ಫೆರಿಗೆ ಜೆಟ್ಟಿಗೆ ಓಡಿದರೆ ಜಾಗ ತುಂಬಿತ್ತು, ನಮ್ಮ ಟಿಕೆಟ್ ಇದ್ದದ್ದು ಸಂಜೆಯ ಕೊನೆಯದಕ್ಕೆ. ಇಡೀ ಭಾನುವಾರ ಒದ್ದೆ ಬಟ್ಟೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಅಮ್ಮನ ಮುಖ ನೋಡುತ್ತಾ ಕಳೆದೆ. ಅಮ್ಮನಿಗೆ ಏನೂ ಆಗಲಿಲ್ಲ, ನಮ್ಮ ಪುಣ್ಯ. ಮಗಳು ಎರಡು ವರ್ಷ ಸಮುದ್ರದ ಹತ್ತಿರಕ್ಕೂ ಬರಲಿಲ್ಲ.

ಹಾಗಾಗಿ ನಿಮ್ಮ ಯೋಜನೆ ಹಾಗೇ ಇಟ್ಟುಕೊಂಡು ಟೆಂಟ್ ಆರಿಸಿಕೊಡಲು ನನ್ನಿಂದ ಆಗುವುದಿಲ್ಲ. ಶನಿವಾರ ಬೆಳಗಿನ ಮೊದಲ ಫೆರಿಗೆ ಹೋಗಿ. ಆಗದಿದ್ದರೆ ಆ ವಾರ ಬಿಟ್ಟು ಇನ್ನೊಂದು ವಾರ ಹೋಗಿ. ವಾಪಸ್ಸಿಗೆ ಕೊನೆಯದಕ್ಕಿಂತ ಹಿಂದಿನ ಫೆರಿ ಹಿಡಿಯಿರಿ. ಅದು ತಪ್ಪಿದರೆ ಇನ್ನೊಂದು ಇರುತ್ತದೆ. ಗಾಳಿ, ಮಂಜು ಹೆಚ್ಚಾದರೆ ಫೆರಿಯೇ ಹೊರಡುವುದಿಲ್ಲ, ಅದಕ್ಕೇ ಒಂದು ದಿನದ ನೀರು, ಆಹಾರ, ಔಷಧಿ ಹೆಚ್ಚಿಗೆ ಇರಲಿ. ಅತ್ತೆಯವರ ಮಾತ್ರೆಯನ್ನು ಎರಡು ಪಾಲು ಮಾಡಿ, ಒಂದು ಪಾಲು ಯಾರದಾದರೂ ಜೇಬಿನಲ್ಲೇ ಇರಬೇಕು. ಸಣ್ಣ ಮಕ್ಕಳಿದ್ದರೆ ಅಷ್ಟಮಿಯ ಆಸುಪಾಸಿನ ದಿನ ಆರಿಸಿ ಅನ್ನುತ್ತೇನೆ, ಆಗ ಏರಿಳಿತ ಕಡಿಮೆ. ಆದರೂ ಅಲ್ಲಿನ ಪಟ್ಟಿಯಲ್ಲಿ ಎತ್ತರದ ಅಂಕಿ ನೋಡಲೇಬೇಕು. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರ್‌ವರೆಗೂ ಏರಿಳಿಯುತ್ತದೆ, ಮೆಡಿಟರೇನಿಯನ್ನಿನ ಬಹುಪಾಲು ದಂಡೆಗಳಲ್ಲಿ ಅರ್ಧ ಮೀಟರೂ ಇಲ್ಲ. ಒಂದು ಕಡೆಯ ಅನುಭವ ಇನ್ನೊಂದು ಕಡೆ ನಡೆಯುವುದಿಲ್ಲ.

ದಂಡೆಯಲ್ಲಿ ಉಳಿಯುವುದಂತೂ ಬೇಡ. ಗುರುತು ಮಾಡಿದ ಜಾಗ ಇದ್ದರೆ ಎಷ್ಟು ದೂರವಾದರೂ ಅಲ್ಲಿಗೇ ಹೋಗಿ. ಮರಳು ನೆಲವಾದರೆ ಮಾಮೂಲಿ ಗೂಟ ಹಿಡಿಯುವುದಿಲ್ಲ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಷ್ಟು ಆಳಕ್ಕೆ ಹೂತುಬಿಡಿ. ಚಳಿ ಅಂತ ಒಲೆಯನ್ನು ಟೆಂಟಿನೊಳಗೆ ತರಬೇಡಿ, ಅದರಿಂದ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಇನ್ನು ಟೆಂಟ್. ಒಂದೇ ದೊಡ್ಡದು, ಎದುರುಬದುರು ಎರಡು ಬಾಗಿಲು ಇರುವಂಥದ್ದು. ಎರಡು ಚಿಕ್ಕವು ಹಾಕಿದರೆ ಜಾಗ ಸುಲಭವಾಗಿ ಸಿಗುತ್ತದೆ, ಹೊರಲೂ ಹಗುರ ಅನ್ನುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ರಾತ್ರಿ ಮಕ್ಕಳು, ಹಿರಿಯರು ಕೈಗೆಟಕುವ ದೂರದಲ್ಲಿರಬೇಕು. ಜಿಪ್ಪಿನ ತುದಿಗೆ ಬಿಳಿ ದಾರ ಕಟ್ಟಿ, ಕತ್ತಲಲ್ಲಿ ಅದನ್ನು ತೆಗೆಯುವುದನ್ನು ಅತ್ತೆಯವರಿಗೂ ಮಕ್ಕಳಿಗೂ ಮನೆಯಲ್ಲೇ ಎರಡು ಸಲ ಮಾಡಿಸಿ.

ನಿಮ್ಮ ಶನಿವಾರ ಯಾವ ತಿಥಿಗೆ ಬೀಳುತ್ತದೆ ನೋಡಿ. ಟಿಕೆಟ್ ಬದಲಾಯಿಸಲು ಇನ್ನೂ ಅವಕಾಶ ಇದ್ದರೆ ಇವತ್ತೇ ಬದಲಾಯಿಸಿ.