ಚಿಕ್ಕ ಕಾಲಂ ಹಾಕಿದ್ಮೇಲೆ ಪೀಕ್ ಅಗಲ ಆಯ್ತು, ಕಾಲಂ ಕೆಟ್ಟಿದ್ಯಾ?

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಒಂದು ಬಯೋಟೆಕ್ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬಲ್ಲಿದ್ದೀನಿ. ಆ್ಯಂಟಿಬಾಡಿ ಅಗ್ರಿಗೇಟ್ (ಒಂದಕ್ಕೊಂದು ಅಂಟ್ಕೊಂಡ ಅಣುಗಳು) ನೋಡೋಕೆ, ಅಣುಗಳನ್ನ ಗಾತ್ರದ ಮೇಲೆ ಬೇರೆ ಮಾಡೋ 7.8×300 ಮಿಮೀ ಎಸ್‌ಇಸಿ ಕಾಲಂ ಇತ್ತು. ಟೈಮ್ ಉಳಿಯತ್ತೆ ಅಂತ ಅದೇ ಹಳೇ ಎಚ್‌ಪಿಎಲ್‌ಸಿ ಮಶೀನಿಗೆ 4.6×150 ಹಾಕಿದ್ವಿ, ಫ್ಲೋ ನಿಮಿಷಕ್ಕೆ 0.35 ಎಂಎಲ್. ಈಗ ಗ್ರಾಫಲ್ಲಿ ಡೈಮರ್ (ಜೋಡಿ ಅಣು), ಮೊನೊಮರ್ (ಒಂಟಿ ಅಣು) ಪೀಕುಗಳು ಅಂಟ್ಕೊಂಡೇ ಬರ್ತಿವೆ. ಇನ್ನೊಂದು ಕಾಲಂ ತರಿಸಿದ್ರೂ ಅದೇ ಕಥೆ. ಬ್ಯಾಚೇ ಕೆಟ್ಟಿರಬಹುದಾ?

ಉತ್ತರ: ಎರಡು ಕಾಲಂಲೂ ಒಂದೇ ಥರ ಆಗ್ತಿದೆ ಅಂದ್ರೆ ನನಗೆ ಅನುಮಾನ ಮಶೀನ್ ಮೇಲೆ. ನೋಡಿ, ಹಳೇ ಕಾಲಂದು ಒಟ್ಟು ವಾಲ್ಯೂಮ್ 14 ಎಂಎಲ್ ಹತ್ರ, ಹೊಸದು ಬರೀ 2.5. ಪೀಕ್ ಕೂಡ ಅಷ್ಟೇ ಸಣ್ಣದಾಗಿ ಬರ್ಬೇಕು, ಆದ್ರೆ ಇಂಜೆಕ್ಟರ್, ಟ್ಯೂಬಿಂಗ್, ಡಿಟೆಕ್ಟರ್ ಸೆಲ್ ಇವೆಲ್ಲ ಸೇರಿ ಪೀಕನ್ನ ಹರಡೋದು ಮೊದಲಿನಷ್ಟೇ ಉಳ್ಕೊಂಡಿದೆ.

ಲೆಕ್ಕ ಹಾಕೋಣ. ಹೊಸ ಕಾಲಂನಲ್ಲಿ 1.5 ಎಂಎಲ್‌ಗೆ ಬರೋ ಪೀಕು, 5000 ಪ್ಲೇಟ್ (ಕಾಲಂನ ದಕ್ಷತೆಯ ಅಳತೆ, ಜಾಸ್ತಿ ಇದ್ದಷ್ಟೂ ಪೀಕ್ ಚೂಪು) ಅಂದ್ಕೊಂಡ್ರೆ ಅದರ ಸಿಗ್ಮಾ (ಪೀಕ್ ಎಷ್ಟು ಹರಡಿದೆ ಅನ್ನೋ ಅಳತೆ) ಸುಮಾರು 21 ಮೈಕ್ರೋಲೀಟರ್. ಮಶೀನಿಂದು 40 ಇದೆ ಅನ್ನಿ. ಸಿಗ್ಮಾಗಳನ್ನ ನೇರವಾಗಿ ಕೂಡೋ ಹಾಗಿಲ್ಲ, ವರ್ಗ ಮಾಡಿ ಕೂಡಿ ವರ್ಗಮೂಲ ತಗೋಬೇಕು, ಆಗ ಒಟ್ಟು 45 ಬರತ್ತೆ, ಅಂದ್ರೆ ನಿಮಗೆ ಕಾಣೋದು 1100 ಪ್ಲೇಟ್ ಅಷ್ಟೇ! ಹಳೇ ಕಾಲಂನ ಪೀಕಿಗೆ ಸಿಗ್ಮಾನೇ 85 ಇದ್ದಿದ್ರೆ ಇದೇ 40 ಸೇರಿ 94 ಆಗ್ತಿತ್ತು, ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

ರಿವರ್ಸ್ ಫೇಸ್ ಗ್ರೇಡಿಯಂಟ್ (ಸ್ಯಾಂಪಲ್ ಕಾಲಂಗೆ ಅಂಟಿ, ದ್ರಾವಕ ಬದಲಾದ ಹಾಗೆ ಬಿಡೋ ವಿಧಾನ) ಮಾಡಿ ಅಭ್ಯಾಸ ಇರೋರು ಇಲ್ಲೇ ಎಡವೋದು. ಅಲ್ಲಿ ಸ್ಯಾಂಪಲ್ ಕಾಲಂ ತಲೆಯಲ್ಲಿ ಹಿಡ್ಕೊಂಡು ಒಟ್ಟಾಗತ್ತೆ, ಮುಂಚೆ ಹರಡಿದ್ದೆಲ್ಲ ಮಾಫಿ. ಎಸ್‌ಇಸಿಯಲ್ಲಿ ಏನೂ ಹಿಡ್ಕೊಳ್ಳಲ್ಲ, ಹರಡಿದ್ದು ಹರಡಿದ್ದೇ.

ಪರೀಕ್ಷೆ ಸುಲಭ. ಕಾಲಂ ತೆಗೆದು ಆ ಜಾಗಕ್ಕೆ ಝೀರೋ ಡೆಡ್ ವಾಲ್ಯೂಮ್ ಯೂನಿಯನ್ (ಒಳಗೆ ಖಾಲಿ ಜಾಗ ಇಲ್ಲದ ಟ್ಯೂಬ್ ಜೋಡಣೆ) ಹಾಕಿ, ಅದೇ ಆ್ಯಂಟಿಬಾಡಿ ಇಂಜೆಕ್ಟ್ ಮಾಡಿ. ಅದೇ 0.35 ಫ್ಲೋಗೆ, ಅರ್ಧ ಎತ್ತರದಲ್ಲಿ ಪೀಕಿನ ಅಗಲ 16 ಸೆಕೆಂಡ್ ಬಂದ್ರೆ ಸಿಗ್ಮಾ ಹೆಚ್ಚುಕಮ್ಮಿ 40 ಅಂತಾನೇ ಅರ್ಥ. ಅಸಿಟೋನ್ ಹಾಕಿ ಸಮಾಧಾನ ಪಟ್ಕೋಬೇಡಿ, ಆ್ಯಂಟಿಬಾಡಿ ಅದಕ್ಕಿಂತ ಸುಮಾರು 30 ಪಟ್ಟು ನಿಧಾನಕ್ಕೆ ಡಿಫ್ಯೂಸ್ ಆಗತ್ತೆ, ಟ್ಯೂಬಿಂಗಲ್ಲೂ ಕಾಲಂನಲ್ಲೂ ಜಾಸ್ತಿ ಹರಡೋದು ಅದೇ.

ಟ್ಯೂಬಿಂಗ್ ಬದಲಾಯಿಸಿ: 0.25 ಮಿಮೀ ಒಳವ್ಯಾಸದ್ದು ಒಂದು ಮೀಟರಿಗೆ 49 ಮೈಕ್ರೋಲೀಟರ್ ಹಿಡಿಯತ್ತೆ, 0.12ದು 11. ಉದ್ದಾನೂ ಕಮ್ಮಿ ಮಾಡಿ, ಸಣ್ಣ ಫ್ಲೋ ಸೆಲ್ ಸಿಕ್ಕಿದ್ರೆ ಹಾಕಿ. ಫೆರೂಲ್ (ಟ್ಯೂಬ್ ತುದಿಯನ್ನ ಬಿಗಿ ಹಿಡಿಯೋ ಉಂಗುರ) ಸರಿ ಕೂತಿದ್ಯಾ ನೋಡಿ, ಒಂದು ಕಾಲಂಗೆ ಕೂತಿದ್ದ ಫಿಟ್ಟಿಂಗನ್ನ ಇನ್ನೊಂದು ಕಂಪನಿ ಕಾಲಂಗೆ ತುರುಕಿ ಒಳಗೆ ಸಣ್ಣ ಗ್ಯಾಪ್ ಉಳಿದು ನಾನೇ ಎರಡು ದಿನ ಹಾಳು ಮಾಡ್ಕೊಂಡಿದ್ದೀನಿ.

ಆಮೇಲೆ ಫ್ಲೋ 0.2ಕ್ಕೆ ಇಳಿಸಿ ನೋಡಿ. ಇಷ್ಟು ದೊಡ್ಡ ಅಣು ಕಾಲಂ ಒಳಗಿನ ಕಣಗಳ ರಂಧ್ರದೊಳಗೆ ಹೋಗಿ ಬರೋಕೆ ಟೈಮ್ ಬೇಕು, ನಿಧಾನ ಮಾಡಿದ್ರೆ ಪೀಕ್ ತಾನಾಗೇ ಹರಡತ್ತೆ ಅನ್ನೋ ಭಯ ಇಲ್ಲಿ ಹೆಚ್ಚುಕಮ್ಮಿ ಇಲ್ಲ. ಟೈಮ್ ಉಳಿಸೋಕೆ ಅಂತಾನೇ ಚಿಕ್ಕ ಕಾಲಂ ತಂದಿದ್ದೀರ, ಗೊತ್ತು, ಆದ್ರೆ 0.2ರಲ್ಲೂ ರನ್ ಹದಿಮೂರು ನಿಮಿಷದೊಳಗೆ ಮುಗಿಯತ್ತೆ.